ಮೀಟರ್‌ನಲ್ಲಿ 12.5 ವೋಲ್ಟ್ ಇದ್ದರೂ ಬೈಕ್ ಯಾಕೆ ಸ್ಟಾರ್ಟ್ ಆಗಲ್ಲ?

ಪ್ರಶ್ನೆ: ನನ್ನ ಬೈಕಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.5 ವೋಲ್ಟ್ ತೋರಿಸುತ್ತದೆ. ಆದರೆ ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಟಕ್ ಅಂತ ಸದ್ದು. ಮೆಕ್ಯಾನಿಕ್ ‘ಬ್ಯಾಟರಿ ಹೋಗಿದೆ’ ಎನ್ನುತ್ತಾರೆ. ವೋಲ್ಟ್ ಸರಿಯಾಗೇ ಇದೆಯಲ್ಲ, ಮತ್ತೆ ಹೋಗಿರುವುದು ಏನು? ಮಗಳ ಪಿಯುಸಿ ಪುಸ್ತಕದಲ್ಲಿ ಇಎಂಎಫ್ ಬೇರೆ, ಟರ್ಮಿನಲ್ ವೋಲ್ಟೇಜ್ ಬೇರೆ ಅಂತಿದೆ. ಎರಡನ್ನೂ ವೋಲ್ಟ್‌ನಲ್ಲೇ ಅಳೆಯುತ್ತಾರೆ. ಹಾಗಾದರೆ ವ್ಯತ್ಯಾಸ ಏನು? ಎಂಟು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿದರೂ 12 ವೋಲ್ಟ್ ಬರುತ್ತದಲ್ಲ, ಅದರಿಂದ ಬೈಕ್ ಸ್ಟಾರ್ಟ್ ಮಾಡಬಹುದಾ?

ಉತ್ತರ: ನಿಮ್ಮ ಮೀಟರ್ ಹೇಳಿದ್ದೂ ನಿಜ, ಮೆಕ್ಯಾನಿಕ್ ಹೇಳಿದ್ದೂ ನಿಜ. ಮೀಟರ್ ಅಳೆದದ್ದು ಬ್ಯಾಟರಿಯ ಇಎಂಎಫ್. ಸೆಲ್ಫ್ ಮೋಟರಿಗೆ ಬೇಕಾದದ್ದು, ಜೋರಾಗಿ ಕರೆಂಟ್ ಎಳೆಯುವಾಗಲೂ ಟರ್ಮಿನಲ್‌ಗಳಲ್ಲಿ ಉಳಿದುಕೊಳ್ಳುವ ವೋಲ್ಟೇಜ್. ಹೊಸ ಬ್ಯಾಟರಿಯಲ್ಲಿ ಈ ಎರಡರ ನಡುವೆ ಅಂತರ ಕಡಿಮೆ. ಹಳೆಯದರಲ್ಲಿ ಆಕಾಶ ಭೂಮಿ ವ್ಯತ್ಯಾಸ. ನಿಮ್ಮ ಬ್ಯಾಟರಿಯ ಇಎಂಎಫ್ ಎಲ್ಲೂ ಹೋಗಿಲ್ಲ, ಹೋಗಿರುವುದು ಬೇರೆ. ಅದೇನು ಅಂತ ಹೇಳಬೇಕಾದರೆ ಇಎಂಎಫ್ ಎಲ್ಲಿ ಹುಟ್ಟುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಸರ್ಕಿಟ್ ಅಂದರೆ ಒಂದು ಸುತ್ತು. ಆವೇಶ, ಅಂದರೆ ಎಲೆಕ್ಟ್ರಿಕ್ ಚಾರ್ಜ್, ಪ್ಲಸ್ ಟರ್ಮಿನಲ್‌ನಿಂದ ಹೊರಟು, ವೈರು, ಬಲ್ಬು ದಾಟಿ ಮೈನಸ್‌ಗೆ ಬರುತ್ತದೆ ಅಂತಿಟ್ಟುಕೊಳ್ಳಿ. (ನಿಜಕ್ಕೂ ವೈರಿನಲ್ಲಿ ಓಡುವ ಎಲೆಕ್ಟ್ರಾನುಗಳು ಉಲ್ಟಾ ದಿಕ್ಕಿನಲ್ಲಿ ಹೋಗುತ್ತವೆ. ಲೆಕ್ಕಕ್ಕೆ ಅದರಿಂದ ತೊಂದರೆಯಿಲ್ಲ.) ಹೊರಗಿನ ಈ ದಾರಿಯುದ್ದಕ್ಕೂ ವಿದ್ಯುತ್ ಕ್ಷೇತ್ರವೇ ಆವೇಶವನ್ನು ತಳ್ಳುತ್ತದೆ. ಆದರೆ ಸುತ್ತು ಮುಗಿಯಬೇಕಾದರೆ ಅದೇ ಆವೇಶ ಬ್ಯಾಟರಿಯ ಒಳಗೆ ಮೈನಸ್‌ನಿಂದ ಪ್ಲಸ್‌ಗೆ ಹೋಗಬೇಕು. ಅಲ್ಲಿ ಅದೇ ಕ್ಷೇತ್ರ ಎದುರು ನಿಲ್ಲುತ್ತದೆ, ಹಿಂದಕ್ಕೆ ತಳ್ಳುತ್ತದೆ. ಪ್ಲಸ್ ಆವೇಶ ಪ್ಲಸ್ ಟರ್ಮಿನಲ್ ಕಡೆಗೆ ತಾನಾಗಿ ಯಾಕೆ ಹೋಗುತ್ತದೆ ಹೇಳಿ?

ಇದು ಸಣ್ಣ ತೊಡಕಲ್ಲ. ಟರ್ಮಿನಲ್‌ಗಳಲ್ಲಿ ಕೂತ ಆವೇಶಗಳಿಂದ ಹುಟ್ಟುವ ಕ್ಷೇತ್ರ, ಒಂದು ಪೂರ್ತಿ ಸುತ್ತಿನಲ್ಲಿ ಮಾಡುವ ಒಟ್ಟು ಕೆಲಸ ಸೊನ್ನೆ. ಹೊರಗೆ ಎಷ್ಟು ಕೊಟ್ಟಿತೋ ಒಳಗೆ ಅಷ್ಟನ್ನೇ ಕಿತ್ತುಕೊಳ್ಳುತ್ತದೆ. ಆದರೂ ಬಲ್ಬು ಉರಿಯುತ್ತಿದೆ, ಬಿಸಿಯಾಗುತ್ತಿದೆ. ಹಾಗಾದರೆ ಸುತ್ತಿನ ಎಲ್ಲೋ ಒಂದು ಕಡೆ, ಈ ಕ್ಷೇತ್ರದ ವಿರುದ್ಧ ಆವೇಶವನ್ನು ತಳ್ಳುವ ಇನ್ನೊಂದು ಏನೋ ಇರಲೇಬೇಕು. ಬ್ಯಾಟರಿಯಲ್ಲಿ ಅದು ರಸಾಯನ ಕ್ರಿಯೆ. ಡೈನಮೋದಲ್ಲಿ ಕಾಂತ. ಸೋಲಾರ್ ಪ್ಯಾನೆಲ್‌ನಲ್ಲಿ ಬೆಳಕು. ಆ ‘ಏನೋ’ ಒಂದು ಕೂಲಂಬ್ ಆವೇಶದ ಮೇಲೆ ಎಷ್ಟು ಜೌಲ್ ಕೆಲಸ ಮಾಡುತ್ತದೆ ಅನ್ನುವುದೇ ಇಎಂಎಫ್. ಪುಸ್ತಕದಲ್ಲಿ ವಿದ್ಯುಚ್ಚಾಲಕ ಬಲ ಅಂತಿದ್ದರೂ ಇದು ನ್ಯೂಟನ್‌ನಲ್ಲಿ ಅಳೆಯುವ ಬಲ ಅಲ್ಲ. ಒಂದು ಕೂಲಂಬಿಗೆ ಒಂದು ಜೌಲ್ ಅಂದರೆ ಒಂದು ವೋಲ್ಟ್.

ಮನೆಯ ಸಂಪ್, ಪಂಪು, ಮೇಲಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕಿನಿಂದ ನಲ್ಲಿಗೆ ನೀರು ತಾನಾಗಿ ಇಳಿಯುತ್ತದೆ, ಸಂಪಿನಿಂದ ಟ್ಯಾಂಕಿಗೆ ಏರಿಸಲು ಪಂಪ್ ಬೇಕು. ಪಂಪಿನ ಕೆಲಸದ ಲೆಕ್ಕ ಇಎಂಎಫ್. ನೀರು ಇಳಿಯುವ ಎತ್ತರದ ಲೆಕ್ಕ ವಿಭವಾಂತರ, ನಾವು ಸುಮ್ನೆ ವೋಲ್ಟೇಜ್ ಅನ್ನುತ್ತೇವಲ್ಲ ಅದು. ಎರಡಕ್ಕೂ ಅಳತೆ ಒಂದೇ ಆಗಿರುವುದರಲ್ಲಿ ಆಶ್ಚರ್ಯ ಇಲ್ಲ, ಎರಡೂ ಕೂಲಂಬಿಗೆ ಇಷ್ಟು ಜೌಲ್ ಅನ್ನುವ ಲೆಕ್ಕಗಳೇ. ಒಂದು ಶಕ್ತಿ ತುಂಬುವ ಕಡೆಯದು, ಇನ್ನೊಂದು ಅದು ಖರ್ಚಾಗುವ ಕಡೆಯದು.

ಈಗ ಬ್ಯಾಟರಿಯೊಳಗೆ ಸ್ವಲ್ಪ ಹತ್ತಿರದಿಂದ ನೋಡೋಣ. ಬೈಕಿನ ಬ್ಯಾಟರಿಗಿಂತ ಸರಳವಾದ ಡೇನಿಯಲ್ ಸೆಲ್ ತಗೊಳ್ಳಿ. ಜಾನ್ ಡೇನಿಯಲ್ 1836ರಲ್ಲಿ ಮಾಡಿದ್ದು, ಈಗಲೂ ಕಾಲೇಜ್ ಲ್ಯಾಬಿನಲ್ಲಿ ಸಿಗುತ್ತದೆ. ಒಂದು ಕಡೆ ಸತು, ಇನ್ನೊಂದು ಕಡೆ ತಾಮ್ರ. ಸತುವಿನ ಪರಮಾಣುಗಳಿಗೆ ದ್ರಾವಣಕ್ಕೆ ಇಳಿದು ಅಯಾನು ಆಗುವ ಚಪಲ ಜಾಸ್ತಿ. ಇಳಿಯುವಾಗ ತಮ್ಮ ಎರಡು ಎಲೆಕ್ಟ್ರಾನುಗಳನ್ನು ಲೋಹದಲ್ಲೇ ಬಿಟ್ಟು ಹೋಗುತ್ತವೆ. ಹೀಗೆ ಒಂದಿಷ್ಟು ಇಳಿಯುವಷ್ಟರಲ್ಲಿ ಸತುವಿನ ತುಂಡು ಮೈನಸ್ ಆಗಿರುತ್ತದೆ. ಆ ಮೈನಸ್ಸು ಹೋಗುತ್ತಿರುವ ಪ್ಲಸ್ ಅಯಾನುಗಳನ್ನು ವಾಪಸ್ ಎಳೆಯುತ್ತದೆ. ಕೊನೆಗೆ ರಸಾಯನ ಕ್ರಿಯೆ ತಳ್ಳುವಷ್ಟನ್ನೇ ವಿದ್ಯುತ್ ಎಳೆತವೂ ಎಳೆದು, ಎಲ್ಲಾ ನಿಂತುಬಿಡುತ್ತದೆ. ತಾಮ್ರದ ಕಡೆ ಇದರ ಉಲ್ಟಾ. ಈ ಹಗ್ಗಜಗ್ಗಾಟ ನಡೆಯುವುದು ಲೋಹವೂ ದ್ರಾವಣವೂ ಮುಟ್ಟುವ ಗಡಿಯಲ್ಲಿ, ಕೆಲವೇ ಅಣುಗಳಷ್ಟು ತೆಳುವಾದ ಪದರದಲ್ಲಿ. ಸೆಲ್ ಎಷ್ಟೇ ದೊಡ್ಡದಿರಲಿ, ಇಎಂಎಫ್ ಹುಟ್ಟುವ ಜಾಗ ಇಷ್ಟೇ.

ಹೊರಗೆ ವೈರ್ ಹಾಕದೆ ಇದ್ದಾಗ ಸೆಲ್ ಇರುವುದು ಈ ಸಮತೋಲದ ಸ್ಥಿತಿಯಲ್ಲಿ. ಕ್ಷೇತ್ರದ ಎಳೆತ ರಸಾಯನದ ತಳ್ಳಾಟಕ್ಕೆ ಸರಿಸಮ. ಆದ್ದರಿಂದ ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ಇಎಂಎಫ್‌ಗೆ ಸಮ ಇರುತ್ತದೆ. ಡೇನಿಯಲ್ ಸೆಲ್‌ನಲ್ಲಿ ಇದು ಸುಮಾರು 1.1 ವೋಲ್ಟ್. ವೈರ್ ಹಾಕಿದ ತಕ್ಷಣ ಎಲೆಕ್ಟ್ರಾನುಗಳು ಸತುವಿನಿಂದ ಹೊರಗೆ ಸೋರಿಹೋಗುತ್ತವೆ, ಎಳೆತ ಕಡಿಮೆಯಾಗುತ್ತದೆ, ನಿಂತಿದ್ದ ಕ್ರಿಯೆ ಮತ್ತೆ ಶುರು.

ಇದರಿಂದ ಒಂದು ಮುಖ್ಯ ವಿಷಯ ಸಿಗುತ್ತದೆ. ಇಎಂಎಫ್ ಯಾವ ಲೋಹ, ಯಾವ ದ್ರಾವಣ, ಅದರ ಸಾಂದ್ರತೆ ಎಷ್ಟು, ಉಷ್ಣತೆ ಎಷ್ಟು ಅನ್ನುವುದರ ಮೇಲೆ ನಿಂತಿದೆ. ಪ್ಲೇಟು ಎಷ್ಟು ದೊಡ್ಡದು ಅನ್ನುವುದರ ಮೇಲೆ ಅಲ್ಲ. ಅದಕ್ಕೇ ರಿಮೋಟಿಗೆ ಹಾಕುವ ಸಣ್ಣ ಸೆಲ್‌ನಲ್ಲೂ 1.5 ವೋಲ್ಟ್, ಹಳೇ ಟಾರ್ಚಿನ ದಪ್ಪ ಸೆಲ್‌ನಲ್ಲೂ 1.5 ವೋಲ್ಟ್.

ನಿಮ್ಮ ಬೈಕಿನದು ಸೀಸ ಮತ್ತು ಆಸಿಡ್ಡಿನ ಬ್ಯಾಟರಿ ಅಂತ ಅಂದುಕೊಳ್ಳುತ್ತೇನೆ. ಅದರಲ್ಲಿ ಆರು ಸೆಲ್‌ಗಳು ಸಾಲಾಗಿರುತ್ತವೆ. ಪೂರ್ತಿ ಚಾರ್ಜ್ ಇದ್ದಾಗ ಒಂದೊಂದರ ಇಎಂಎಫ್ ಸುಮಾರು 2.1 ವೋಲ್ಟ್, ಒಟ್ಟು 12.6ರ ಆಸುಪಾಸು. ಇನ್ವರ್ಟರ್ ಬ್ಯಾಟರಿಯವರು ಹೈಡ್ರೋಮೀಟರ್ ಅದ್ದಿ ಆಸಿಡ್ಡಿನ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಅಂತ) ನೋಡುವುದನ್ನು ಗಮನಿಸಿರಬಹುದು. ಆ ಸಾಂದ್ರತೆಗೆ 0.84 ಕೂಡಿದರೆ ಒಂದು ಸೆಲ್‌ನ ಇಎಂಎಫ್ ಹೆಚ್ಚುಕಮ್ಮಿ ಸಿಗುತ್ತದೆ. ಸಾಂದ್ರತೆ 1.27 ಇದ್ದರೆ 2.11 ವೋಲ್ಟ್. ಅಂದರೆ ಕರೆಂಟ್ ಎಳೆಯದೆ ನೋಡಿದ 12.5 ಆಸಿಡ್ ಹೇಗಿದೆ ಅಂತ ಹೇಳುತ್ತದೆ. ಪ್ಲೇಟುಗಳ ಗತಿ ಏನಾಗಿದೆ ಅಂತ ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಯಾವ ಬ್ಯಾಟರಿಯೂ ತನ್ನ ಇಎಂಎಫ್ ಪೂರ್ತಿ ಹೊರಗೆ ಕೊಡುವುದಿಲ್ಲ. ಕರೆಂಟ್ ಬ್ಯಾಟರಿಯೊಳಗೂ ಹರಿಯಬೇಕು. ಆಸಿಡ್, ಪ್ಲೇಟು, ಪ್ಲೇಟುಗಳನ್ನು ಜೋಡಿಸುವ ಸೀಸದ ಪಟ್ಟಿ, ಎಲ್ಲವೂ ಸ್ವಲ್ಪ ಸ್ವಲ್ಪ ಅಡ್ಡಿ ಮಾಡುತ್ತವೆ. ಇದನ್ನೆಲ್ಲ ಸೇರಿಸಿ ಆಂತರಿಕ ರೋಧ ಅನ್ನುತ್ತಾರೆ. ಲೆಕ್ಕ ಇಷ್ಟೇ:

ಟರ್ಮಿನಲ್ ವೋಲ್ಟೇಜ್ = ಇಎಂಎಫ್ − (ಕರೆಂಟ್ × ಆಂತರಿಕ ರೋಧ)

ಇದು ಓಮ್ ನಿಯಮಕ್ಕೆ (ವೋಲ್ಟೇಜ್ = ಕರೆಂಟ್ × ರೋಧ) ಆಮೇಲೆ ಅಂಟಿಸಿದ ಬಾಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಉಲ್ಟಾ. ಜಾರ್ಜ್ ಓಮ್ ಕಲೋನ್ ಊರಿನಲ್ಲಿ ಮೇಷ್ಟ್ರಾಗಿದ್ದಾಗ ಮೊದಲು ವೋಲ್ಟಾನ ಮಾದರಿಯ ಬ್ಯಾಟರಿ ಇಟ್ಟುಕೊಂಡು ಪ್ರಯೋಗ ಮಾಡಿದ. ಅದರ ಕರೆಂಟ್ ಒಂದೇ ಸಮ ಇರುತ್ತಿರಲಿಲ್ಲ. ಪೊಗ್ಗೆನ್‌ಡಾರ್ಫ್ ಎಂಬ ಭೌತಶಾಸ್ತ್ರಜ್ಞ, ಬ್ಯಾಟರಿ ಬಿಟ್ಟು ಥರ್ಮೋಕಪಲ್ ಬಳಸು ಅಂತ ಸಲಹೆ ಕೊಟ್ಟ. ಎರಡು ಬೇರೆ ಲೋಹಗಳ ಬೆಸುಗೆಗಳಲ್ಲಿ ಒಂದನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ಸರ್ಕಿಟ್‌ನಲ್ಲಿ ಕರೆಂಟ್ ಹರಿಯುತ್ತದೆ ಅಂತ ಸೀಬೆಕ್ 1821ರಲ್ಲಿ ಕಂಡಿದ್ದ. ಓಮ್ ಬಿಸ್ಮತ್ ಮತ್ತು ತಾಮ್ರದ ಜೋಡಿ ತಗೊಂಡು ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ನೀರು ಕುದಿಯುವ ಉಷ್ಣತೆ, ಮಂಜು ಕರಗುವ ಉಷ್ಣತೆ ಎರಡೂ ಅಲುಗುವುದಿಲ್ಲ, ಹಾಗಾಗಿ ಇಎಂಎಫ್ ಕೂಡ ಅಲುಗುವುದಿಲ್ಲ. ಎಷ್ಟು ಚೆಂದದ ಉಪಾಯ! ಬೇರೆ ಬೇರೆ ಉದ್ದದ ತಂತಿ ಹಾಕಿ ಅಳೆದು 1826ರಲ್ಲಿ ಅವನು ಪ್ರಕಟಿಸಿದ ಸೂತ್ರ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ರೂಪದಲ್ಲಿ ಇರಲಿಲ್ಲ. ಒಂದು ಸ್ಥಿರ ಸಂಖ್ಯೆಯನ್ನು, ಇನ್ನೊಂದು ಸ್ಥಿರ ಸಂಖ್ಯೆ ಮತ್ತು ತಂತಿಯ ಉದ್ದದ ಮೊತ್ತದಿಂದ ಭಾಗಿಸಿದರೆ ಕರೆಂಟು, ಅಂತ ಇತ್ತು. ಮೇಲಿನ ಸಂಖ್ಯೆ ಇಎಂಎಫ್‌ನ ಲೆಕ್ಕ. ಕೆಳಗಿನ ಸ್ಥಿರ ಸಂಖ್ಯೆ ಆ ತಂತಿಯನ್ನು ಬಿಟ್ಟು ಉಳಿದ ಸರ್ಕಿಟ್‌ನ ರೋಧ, ಮೂಲದ ಒಳಗಿನದ್ದೂ ಸೇರಿ. ಅಂದರೆ ಆಂತರಿಕ ರೋಧ ಮೊದಲ ದಿನದಿಂದಲೇ ಓಮ್ ನಿಯಮದೊಳಗೆ ಇತ್ತು. ಶಾಲೆಯಲ್ಲಿ ಅದನ್ನು ಬಿಟ್ಟು ಕಲಿಸುವುದರಿಂದಲೇ ನಿಮ್ಮಂಥ ಪ್ರಶ್ನೆ ಬರುವುದು ಅಂತ ನನ್ನ ಅನಿಸಿಕೆ.

ಈಗ ಬೈಕಿಗೆ ಬರೋಣ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್‌ನಷ್ಟು. 12.5 ವೋಲ್ಟ್‌ಗೆ ಅದು ಎಳೆಯುವ ಕರೆಂಟ್ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ ಅಷ್ಟೆ. ಇಷ್ಟು ಕರೆಂಟಿಗೆ ಆಂತರಿಕ ರೋಧದಲ್ಲಿ ಏನೂ ಬೀಳುವುದಿಲ್ಲ, ಆದ್ದರಿಂದ ಮೀಟರ್ ನೇರ ಇಎಂಎಫ್ ತೋರಿಸುತ್ತದೆ. ಹಳೇ ಕಾಲದ ಮುಳ್ಳಿನ ವೋಲ್ಟ್‌ಮೀಟರುಗಳು ಹೀಗಿರಲಿಲ್ಲ, ಅವೇ ಒಂದಿಷ್ಟು ಕರೆಂಟ್ ಕುಡಿಯುತ್ತಿದ್ದವು. ಲ್ಯಾಬಿನಲ್ಲಿ ಉದ್ದ ತಂತಿಯ ಮೇಲೆ ಜಾಕಿ ಅನ್ನುವ ಲೋಹದ ತುದಿ ಮುಟ್ಟಿಸುತ್ತಾ, ಸಣ್ಣ ಕರೆಂಟನ್ನೂ ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಜಾಗ ಹುಡುಕುವ ಪೊಟೆನ್ಶಿಯೋಮೀಟರ್ ಪ್ರಯೋಗ ಇದಕ್ಕೇ ಹುಟ್ಟಿದ್ದು. ಮುಳ್ಳು ಸೊನ್ನೆ ಅಂದರೆ ಸೆಲ್‌ನಿಂದ ಕರೆಂಟ್ ಬರುತ್ತಿಲ್ಲ, ಸಿಗುವುದು ಅಪ್ಪಟ ಇಎಂಎಫ್.

ಸೆಲ್ಫ್ ಒತ್ತಿದಾಗ ಕತೆ ಬೇರೆ. ಲೆಕ್ಕಕ್ಕೆ ಮೋಟರ್ 50 ಆಂಪಿಯರ್ ಎಳೆಯಿತು ಅಂತಿಟ್ಟುಕೊಳ್ಳಿ. ಒಳ್ಳೆಯ ಬ್ಯಾಟರಿಯ ಆಂತರಿಕ ರೋಧ 0.03 ಓಮ್ ಇದ್ದರೆ ಒಳಗೆ ಬೀಳುವುದು 1.5 ವೋಲ್ಟ್, ಹೊರಗೆ 11 ಉಳಿಯುತ್ತದೆ. ಆರಾಮಾಗಿ ಸ್ಟಾರ್ಟ್ ಆಗುತ್ತದೆ. ಅದೇ ರೋಧ 0.15 ಓಮ್‌ಗೆ ಏರಿದ್ದರೆ ಒಳಗೇ 7.5 ವೋಲ್ಟ್ ಬಿದ್ದು, ಹೊರಗೆ ಉಳಿಯುವುದು 5. ರೋಧ ಯಾಕೆ ಏರುತ್ತದೆ? ಬ್ಯಾಟರಿ ಕೆಲಸ ಮಾಡಿದಾಗೆಲ್ಲ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದರೆ ಕರಗುತ್ತದೆ. ಅರ್ಧಂಬರ್ಧ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಆಮೇಲೆ ಸುಲಭಕ್ಕೆ ಹೋಗುವುದಿಲ್ಲ. ಕೆಲಸ ಮಾಡುವ ಪ್ಲೇಟಿನ ಮೈ ಕಡಿಮೆಯಾಗುತ್ತದೆ. ಉಳಿದ ಚೂರು ಮೈಯಲ್ಲಿ ಹಗ್ಗಜಗ್ಗಾಟ ಮೊದಲಿನಂತೇ ನಡೆಯುವುದರಿಂದ ಇಎಂಎಫ್ ಹಾಗೇ ಇರುತ್ತದೆ. ಜಾಸ್ತಿ ಕರೆಂಟ್ ಹೋಗಲು ದಾರಿ ಮಾತ್ರ ಇಲ್ಲ.

ಆ ಟಕ್ ಟಕ್ ಸದ್ದು ಈ ಲೆಕ್ಕವನ್ನೇ ಹೇಳುತ್ತಿದೆ. ಸೆಲ್ಫ್ ಗುಂಡಿ ನೇರವಾಗಿ ಮೋಟರಿಗೆ ಕರೆಂಟ್ ಕೊಡುವುದಿಲ್ಲ, ಮೊದಲು ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚನ್ನು, ಎಳೆಯುತ್ತದೆ. ರಿಲೇಗೆ ಬೇಕಾದ ಕರೆಂಟ್ ತೀರಾ ಕಮ್ಮಿ, ಆದ್ದರಿಂದ 12.5 ವೋಲ್ಟ್ ಸಿಕ್ಕಿ ಅದು ಟಕ್ ಅಂತ ಕೂರುತ್ತದೆ. ಕೂತ ಕ್ಷಣ ಮೋಟರ್ ಬ್ಯಾಟರಿಗೆ ತಗಲಿಕೊಳ್ಳುತ್ತದೆ, ವೋಲ್ಟೇಜ್ ದಬಕ್ಕನೆ ಕುಸಿಯುತ್ತದೆ. ಅಷ್ಟರಲ್ಲಿ ರಿಲೇಯನ್ನು ಹಿಡಿದಿಡುವ ತಾಕತ್ತೂ ಉಳಿದಿರುವುದಿಲ್ಲ, ಅದು ಬಿಟ್ಟುಕೊಳ್ಳುತ್ತದೆ. ಮೋಟರ್ ಕಳಚಿದ ತಕ್ಷಣ ವೋಲ್ಟೇಜ್ ವಾಪಸ್ 12ರ ಮೇಲೆ. ರಿಲೇ ಮತ್ತೆ ಟಕ್. ಒಂದೇ ಸೆಕೆಂಡಿನಲ್ಲಿ ಹೀಗೆ ಎಷ್ಟೋ ಸಲ ಆಗುತ್ತದೆ. ಹೆಡ್‌ಲೈಟ್ ಹಾಕಿಕೊಂಡು ಒತ್ತಿ ನೋಡಿ, ಪ್ರತಿ ಟಕ್ಕಿಗೂ ಬೆಳಕು ಮಿಣುಕ್ ಅನ್ನುತ್ತದೆ.

ಪೆನ್ಸಿಲ್ ಸೆಲ್ ವಿಷಯ. ಹೊಸ ಆಲ್ಕಲೈನ್ ಸೆಲ್ ಒಂದರ ಆಂತರಿಕ ರೋಧ 0.2 ಓಮ್ ಅಂತ ಹಿಡಿಯೋಣ. ಎಂಟಕ್ಕೆ 1.6 ಓಮ್. ಹೊಸ ಸೆಲ್ ಒಂದಕ್ಕೆ 1.6 ವೋಲ್ಟ್ ಅಂತ ಹಿಡಿದರೆ ಇಎಂಎಫ್ ಸುಮಾರು 12.8. ಎರಡು ತುದಿಯನ್ನು ಮುಟ್ಟಿಸಿ ಶಾರ್ಟ್ ಮಾಡಿದರೂ 8 ಆಂಪಿಯರ್ ದಾಟುವುದಿಲ್ಲ, ಆಗ ಹೊರಗೆ ಸಿಗುವ ವೋಲ್ಟೇಜ್ ಸೊನ್ನೆ. ವೋಲ್ಟೇಜ್ 10ಕ್ಕಿಂತ ಇಳಿಯಬಾರದು ಅಂದರೆ ಒಂದು ಸಾಲು ಕೊಡುವುದು 1.75 ಆಂಪಿಯರ್. 50 ಆಂಪಿಯರಿಗೆ ಇಂಥ 29 ಸಾಲುಗಳನ್ನು ಪಕ್ಕಪಕ್ಕ ಸೇರಿಸಬೇಕು, ಅಂದರೆ 232 ಸೆಲ್. ಸ್ಟಾರ್ಟ್ ಆಗಬಹುದು. ಆದರೆ ಆ ದುಡ್ಡಿಗೆ ಹೊಸ ಬ್ಯಾಟರಿಯೇ ಬರುತ್ತದೆ.

ಮಗಳಿಗೆ ಮನೆಯಲ್ಲೇ ಆಂತರಿಕ ರೋಧ ಅಳೆದು ತೋರಿಸಬೇಕು ಅಂದರೆ ಬೈಕಿನ ಬ್ಯಾಟರಿ ಬೇಡ, ಪೆನ್ಸಿಲ್ ಸೆಲ್ ಸಾಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 4.7 ಓಮ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ತನ್ನಿ. ಮೊದಲು ಏನೂ ಜೋಡಿಸದೆ ಸೆಲ್‌ಗೆ ಮೀಟರ್ ಹಿಡಿಯಿರಿ. ಆಮೇಲೆ ರೆಸಿಸ್ಟರ್ ಸೇರಿಸಿ, ಒಂದೆರಡು ಸೆಕೆಂಡಿನೊಳಗೆ ಮತ್ತೆ ಓದಿ. ಹೊಸ ಸೆಲ್‌ನಲ್ಲಿ 1.58 ಇದ್ದದ್ದು 1.48ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಕರೆಂಟ್ 1.48 ಭಾಗಿಸು 4.7, ಅಂದರೆ 0.315 ಆಂಪಿಯರ್. ಬಿದ್ದ 0.10 ವೋಲ್ಟನ್ನು ಅದರಿಂದ ಭಾಗಿಸಿದರೆ ಆಂತರಿಕ ರೋಧ ಸುಮಾರು 0.3 ಓಮ್. ಟಾರ್ಚಿನಿಂದ ತೆಗೆದ ಹಳೇ ಸೆಲ್‌ನಲ್ಲಿ 1.35 ಇದ್ದದ್ದು 0.75ಕ್ಕೆ ಕುಸಿದರೆ ಅದೇ ಲೆಕ್ಕಕ್ಕೆ ಸುಮಾರು 3.8 ಓಮ್. ಇಎಂಎಫ್ ಇಳಿದದ್ದು ಚೂರು, ರೋಧ ಏರಿದ್ದು ಹತ್ತು ಪಟ್ಟಿಗೂ ಜಾಸ್ತಿ. ಟಾರ್ಚಿಗೆ ಬೇಡವಾದ ಸೆಲ್ ಗೋಡೆ ಗಡಿಯಾರದಲ್ಲಿ ಇನ್ನೂ ತಿಂಗಳುಗಟ್ಟಲೆ ಓಡುವುದು ಇದಕ್ಕೇ. ಗಡಿಯಾರ ಎಳೆಯುವ ಕರೆಂಟ್ ಅಷ್ಟು ಕಡಿಮೆ.

ಒಂದು ಎಚ್ಚರಿಕೆ. ಮೀಟರನ್ನು ಆಂಪಿಯರ್ ಕಡೆ ತಿರುಗಿಸಿ ನೇರ ಬೈಕ್ ಬ್ಯಾಟರಿಗೆ ಹಿಡಿಯಬೇಡಿ, ಅದು ಶಾರ್ಟ್ ಮಾಡಿದ ಹಾಗೇ. ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಮೀಟರೇ ಸುಡುತ್ತದೆ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ತಾಗದಂತೆ ನೋಡಿಕೊಳ್ಳಿ, ಕೈಯಲ್ಲಿ ಉಂಗುರ ಇದ್ದರೆ ತೆಗೆದಿಡಿ.

ಸ್ಟಾರ್ಟ್ ಆದ ಮೇಲೆ ಅದೇ ಸೂತ್ರದಲ್ಲಿ ಮೈನಸ್ ಹೋಗಿ ಪ್ಲಸ್ ಬರುತ್ತದೆ. ಆಗ ಬೈಕ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತದೆ, ಕರೆಂಟ್ ಉಲ್ಟಾ ಹರಿಯುತ್ತದೆ. ಟರ್ಮಿನಲ್‌ನಲ್ಲಿ 14 ವೋಲ್ಟ್ ಹತ್ತಿರ ಕಾಣುತ್ತದೆ. ಇಎಂಎಫ್ 14 ಆಯಿತು ಅಂತ ಅಲ್ಲ. ಇಎಂಎಫ್ ಅನ್ನೂ ಆಂತರಿಕ ರೋಧವನ್ನೂ ಮೀರಿ ತಳ್ಳಬೇಕಲ್ಲ, ಅದಕ್ಕೆ ಅಷ್ಟು. ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೂ ಸ್ವಲ್ಪ ಹೊತ್ತು ಜಾಸ್ತಿಯೇ ತೋರಿಸುತ್ತದೆ. ಕೆಲವು ಗಂಟೆ ಬಿಟ್ಟು ನೋಡಿದರೆ ಮಾತ್ರ ನಂಬಬಹುದಾದ ಸಂಖ್ಯೆ ಸಿಗುತ್ತದೆ.

ಈ ಚಾರ್ಜಿಂಗ್ ಕರೆಂಟ್ ಹುಟ್ಟುವುದು ರಸಾಯನದಿಂದಲ್ಲ. ಎಂಜಿನ್ ಜೊತೆ ಕಾಂತ ತಿರುಗುತ್ತದೆ, ಪಕ್ಕದ ತಂತಿಯ ಸುರುಳಿಯಲ್ಲಿ ಕಾಂತೀಯ ಹರಿವು ಏರಿಳಿಯುತ್ತದೆ, ಆ ಏರಿಳಿತ ಎಷ್ಟು ಬೇಗ ಆಗುತ್ತದೋ ಅಷ್ಟು ಇಎಂಎಫ್. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದೇ. ಇಲ್ಲಿ ಇಎಂಎಫ್ ಒಂದು ತೆಳು ಗಡಿಯಲ್ಲಿ ಕೂತಿರುವುದಿಲ್ಲ, ಸುರುಳಿಯ ಉದ್ದಕ್ಕೂ ಹರಡಿರುತ್ತದೆ. ಪಿಯುಸಿ ಮಕ್ಕಳಿಗೆ ಇಂಡಕ್ಷನ್ ಅಧ್ಯಾಯ ಕಷ್ಟ ಅನಿಸುವುದಕ್ಕೆ ಒಂದು ಕಾರಣ ಇದು. ಅವರು ಇಲ್ಲೂ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಅಂತ ಹುಡುಕುತ್ತಾರೆ.

ಫ್ಯಾರಡೆಯ ನಿಯಮ ಸೆಲ್ಫ್ ಮೋಟರನ್ನೂ ಬಿಡುವುದಿಲ್ಲ. ಮೋಟರ್ ತಿರುಗತೊಡಗಿದರೆ ಅದರ ಸುರುಳಿಯಲ್ಲೂ ಒಂದು ಇಎಂಎಫ್ ಹುಟ್ಟುತ್ತದೆ, ಬ್ಯಾಟರಿಗೆ ಎದುರಾಗಿ. ಬ್ಯಾಕ್ ಇಎಂಎಫ್ ಅನ್ನುತ್ತಾರೆ. ವೇಗ ಏರಿದಷ್ಟೂ ಅದು ಏರಿ ಕರೆಂಟನ್ನು ಕಡಿಮೆ ಮಾಡುತ್ತದೆ. ಮೋಟರ್ ತಿರುಗದೆ ಗರ್ ಅಂತ ನಿಂತರೆ ಬ್ಯಾಕ್ ಇಎಂಎಫ್ ಸೊನ್ನೆ, ಅತಿ ಜಾಸ್ತಿ ಕರೆಂಟ್ ಹರಿಯುವುದು ಆಗಲೇ. ಸೊರಗಿದ ಬ್ಯಾಟರಿಯಲ್ಲಿ ಗುಂಡಿ ಒತ್ತಿ ಹಿಡಿದುಕೊಂಡೇ ಇರಬೇಡಿ ಅನ್ನುವುದಕ್ಕೆ ಕಾರಣ ಇದು. ಸುರುಳಿ ಕಾಯುತ್ತದೆ, ಬ್ಯಾಟರಿ ಇನ್ನಷ್ಟು ಸೊರಗುತ್ತದೆ.

ಹೊಸ ಬ್ಯಾಟರಿ ತರುವ ಮೊದಲು ಒಂದು ಪರೀಕ್ಷೆ ಮಾಡಿ. ಆಂತರಿಕ ರೋಧದ ತರಹವೇ ಕಾಟ ಕೊಡುವ ಇನ್ನೊಂದು ಜಾಗ ಇದೆ: ಟರ್ಮಿನಲ್‌ಗೆ ವೈರ್ ಸೇರುವ ಬೋಲ್ಟು. ಅಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಥವಾ ಬೋಲ್ಟ್ ಸಡಿಲ ಇದ್ದರೆ ಅದೂ ಸರ್ಕಿಟ್‌ಗೆ ಸೇರಿಕೊಂಡ ರೋಧವೇ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಯಾರಾದರೂ ಸೆಲ್ಫ್ ಒತ್ತಲಿ. ಆಗ ಮೀಟರಿನ ಕಡ್ಡಿಗಳನ್ನು ಮೊದಲು ಬ್ಯಾಟರಿಯ ಸೀಸದ ಟರ್ಮಿನಲ್‌ಗಳಿಗೇ ಹಿಡಿದು ಓದಿ. ಇನ್ನೊಮ್ಮೆ ಒತ್ತಿಸಿ, ವೈರಿನ ತುದಿಯ ಲೋಹಕ್ಕೆ ಹಿಡಿದು ಓದಿ. ರಿಲೇ ಬಡಿಯುತ್ತಿದ್ದರೆ ಸಂಖ್ಯೆ ಕುಣಿಯುತ್ತದೆ, ಎಷ್ಟು ಕೆಳಕ್ಕೆ ಇಳಿಯುತ್ತದೆ ಅಂತ ನೋಡಿದರೆ ಸಾಕು. ಎರಡೂ ಕಡೆ ಕುಸಿದರೆ ಮೆಕ್ಯಾನಿಕ್ ಹೇಳಿದ್ದೇ ಸರಿ, ಬ್ಯಾಟರಿ ಬದಲಿಸಿ. ಟರ್ಮಿನಲ್‌ನಲ್ಲಿ 11ರ ಮೇಲೆ ನಿಂತು ವೈರಿನಲ್ಲಿ ಮಾತ್ರ ಕುಸಿದರೆ, ಬೋಲ್ಟ್ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.